ಟೈರು ಒಡೆದರೆ ದಂಡ ತೆರತಕ್ಕವರಾರು?

ಹದಡಿಯಿಂದ ದಾವಣಗೆರೆಗೆ ಹೊರಟ ಕಾರೊಂದರ ಟೈರು ನಡುಹಗಲಿನಲ್ಲಿ ಒಡೆಯಿತೆಂದು ಭಾವಿಸಿರಿ. ಗಾಡಿಯು ದಾರಿತಪ್ಪಿ ಸೈಕಲ್ ಸವಾರನೊಬ್ಬನ ಕಾಲನ್ನು ಮುರಿದು, ಮರಕ್ಕೆ ತಗುಲಿ ನಿಂತಿತು. ನೆರೆದವರೊಳಗೆ ಹಿರಿಯರೊಬ್ಬರು, "ದೈವೇಚ್ಛೆ! ಯಾರೇನು ಮಾಡಲಾದೀತು?" ಎನ್ನದೆ ಇರಲಾರರು. ಕಾರಿನ ಯಜಮಾನನಿಗೆ ಆ ಮಾತು ಹಿತವಾಗಿಯೇ ತೋರೀತು. ಆದರೆ ದಿನಗೂಲಿಯಿಂದ ಜೀವಿಸುವ ಆ ಸವಾರನ ಮನೆಯ ಒಲೆಯು ಉರಿಯುವುದು ಹೇಗೆ?

ದೈವದ ಮೇಲೆ ಹೊರೆ ಹೊರಿಸುವ ಈ ವಾದವನ್ನು ವಿಮಾ ಕಂಪನಿಯೊಂದು ಮುಂಬಯಿ ಹೈಕೋರ್ಟಿನವರೆಗೂ ಕೊಂಡೊಯ್ದಿತ್ತು. 2010ರ ಅಕ್ಟೋಬರಿನಲ್ಲಿ ಪುಣೆಯಿಂದ ಮುಂಬಯಿಗೆ ಹೋಗುತ್ತಿದ್ದ ಕಾರಿನ ಹಿಂಬದಿಯ ಟೈರು ಒಡೆದು, ಗಾಡಿಯು ಕಂದಕಕ್ಕೆ ಬಿದ್ದು, ಒಳಗಿದ್ದವರೊಬ್ಬರು ತೀರಿಕೊಂಡಿದ್ದರು. ನ್ಯಾಯಮಂಡಳಿಯು 2016ರಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿಯ ಪರಿಹಾರವನ್ನು ವಿಧಿಸಿತು. ಟೈರು ಒಡೆಯುವುದು ದೈವಕೃತ್ಯವಲ್ಲ, ಮನುಷ್ಯನ ಅಜಾಗರೂಕತೆಯೆಂದು ಹೇಳಿ ಹೈಕೋರ್ಟು 2023ರಲ್ಲಿ ಕಂಪನಿಯ ಮೇಲ್ಮನವಿಯನ್ನು ವಜಾ ಮಾಡಿತು. ಅತಿವೇಗ, ಗಾಳಿಯ ಹೆಚ್ಚುಕಡಿಮೆ, ಹಳೆಯ ಟೈರು, ಇವೆಲ್ಲ ಮನುಷ್ಯನು ನೋಡಿಕೊಳ್ಳತಕ್ಕವೇ ಅಲ್ಲವೆ?

ಆದುದರಿಂದ ನಮ್ಮ ಸೈಕಲ್ ಸವಾರನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿಕೊಳ್ಳಬಹುದು. 2022ರ ಏಪ್ರಿಲ್ 1ರಿಂದ ಕಾಯಿದೆಯು ಇದಕ್ಕೆ ಆರು ತಿಂಗಳ ಅವಧಿಯನ್ನು ಗೊತ್ತುಮಾಡಿದೆ, ತಡಮಾಡುವುದು ತರವಲ್ಲ. ತಪ್ಪು ಯಾರದೆಂದು ಸಾಧಿಸುವ ಗೋಜಿಲ್ಲದೆ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಪಡೆಯುವ ಬೇರೊಂದು ದಾರಿಯೂ ಉಂಟು. ಅನ್ಯರಿಗಾಗುವ ಹಾನಿಯ ವಿಮೆಯು 1988ರ ಕಾಯಿದೆಯಂತೆ ಕಡ್ಡಾಯವಾದುದರಿಂದ ಹಣವನ್ನು ಸಾಮಾನ್ಯವಾಗಿ ಕಂಪನಿಯೇ ತೆರುವುದು. ವಿಮೆಯೇ ಇಲ್ಲದಿದ್ದರೆ ಯಜಮಾನನ ಹೊಲಮನೆಗೇ ಸಂಚಕಾರ.

ಇನ್ನು ಜಜ್ಜಿಹೋದ ಕಾರಿನ ಮಾತು. ಕಡ್ಡಾಯ ವಿಮೆಯೊಂದೇ ಇದ್ದರೆ ದುರಸ್ತಿಗೆ ಕಾಸೂ ದೊರೆಯದು. ಇದನ್ನು ಬಹುಮಂದಿ ಅಪಘಾತದ ಮರುದಿನವೇ ಅರಿಯುವರು! ಸಮಗ್ರ ವಿಮೆಯಿದ್ದರೆ ಮರಕ್ಕೆ ತಗುಲಿದ ಹಾನಿಯು ಸಲ್ಲುವುದು. ಟೈರಿನ ಲೆಕ್ಕ ಮಾತ್ರ ವಿಚಿತ್ರವಾದುದು: ಸಾಮಾನ್ಯ ಪಾಲಿಸಿಯಲ್ಲಿ ಟೈರು ತಾನೊಂದೇ ಒಡೆದರೆ ಏನೂ ಇಲ್ಲ, ಗಾಡಿಗೂ ಅದೇ ಸಮಯದಲ್ಲಿ ಪೆಟ್ಟಾಗಿದ್ದರೆ ಹೊಸ ಟೈರಿನ ಬೆಲೆಯಲ್ಲಿ ಹೆಚ್ಚೆಂದರೆ ಅರ್ಧ. ಗಾಡಿಯನ್ನು ಸುಸ್ಥಿತಿಯಲ್ಲಿಟ್ಟಿರಬೇಕೆಂಬ ಷರತ್ತೂ ಪಾಲಿಸಿಯಲ್ಲಿರುವುದರಿಂದ, ಸವೆದು ನುಣುಪಾದ ಟೈರನ್ನು ಕಂಡರೆ ಕಂಪನಿಯವರು ತಕರಾರು ತೆಗೆಯದೆ ಬಿಡರು. ಕಾರಿನ ಟೈರಿನ ಗೀರುಗಳ ಆಳವು 1.6 ಮಿಲಿಮೀಟರಿಗಿಂತ ಕಡಿಮೆಯಾಗಕೂಡದೆಂಬುದು ನಿಯಮ.

ಟೈರು ಹೊಸದಾಗಿದ್ದೂ ಒಡೆದರೆ ತಯಾರಕರ ದೋಷವಿದ್ದೀತು. ಟೈರಿನ ಪಕ್ಕದಲ್ಲಿ ಅಚ್ಚಾದ ಸಾಲಿನ ಕಡೆಯ ನಾಲ್ಕು ಅಂಕಿಗಳನ್ನು ನೋಡಿರಿ: 3221 ಎಂದಿದ್ದರೆ 2021ರ 32ನೆಯ ವಾರದಲ್ಲಿ ತಯಾರಾದುದು. ದೋಷವನ್ನು ಸಾಧಿಸಬಲ್ಲಿರಾದರೆ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೊಗಬಹುದು. ಅದಕ್ಕಾಗಿ ಚಿತ್ರಗಳನ್ನೂ ರಸೀದಿಯನ್ನೂ ಇಟ್ಟುಕೊಂಡಿರಬೇಕು. ಒಡೆದ ಟೈರನ್ನಂತೂ ಪಂಕ್ಚರ್ ಅಂಗಡಿಯಲ್ಲಿಯೇ ಬಿಟ್ಟುಬರಬಾರದು.