ತ್ಸುಶಿಮಾದ ಗೌರವ, ಇಕಿಯ ಋಣ

ಚರಿತ್ರೆಯನ್ನು ಆಧರಿಸಿದ ಕೃತಿಯೊಂದನ್ನು ಪರಿಶೀಲಿಸುವಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ಕೈಹಾಕುವುದು ಕಾಲದೋಷಗಳ ಪಟ್ಟಿಗೆ. ಕಾವ್ಯ, ನಾಟಕ, ಕಾದಂಬರಿಗಳಿಗೆ ಬಳಸುತ್ತ ಬಂದ ಈ ಅಳತೆಗೋಲನ್ನು ಈಗ ವಿಡಿಯೊ ಗೇಮ್‌ಗಳಿಗೂ ಹಿಡಿಯಲಾಗುತ್ತಿದೆ. ಅದು ಎಲ್ಲಿ ಸಾಲದಾಗುತ್ತದೆ ಎಂಬುದಕ್ಕೆ ಸಕರ್ ಪಂಚ್ ಸಂಸ್ಥೆ 2020ರ ಜುಲೈನಲ್ಲಿ ಹೊರತಂದ ‘ಘೋಸ್ಟ್ ಆಫ್ ತ್ಸುಶಿಮಾ’ ಮತ್ತು 2021ರ ಆಗಸ್ಟ್‌ನಲ್ಲಿ ಅದಕ್ಕೆ ಸೇರಿಸಿದ ಇಕಿ ದ್ವೀಪದ ವಿಸ್ತರಣೆ ಒಳ್ಳೆಯ ನಿದರ್ಶನಗಳು. ಎರಡನ್ನೂ ಕೊನೆಮುಟ್ಟಿಸಿದವರಿಗೆ ಒಂದು ವಿಚಿತ್ರ ಸಂಗತಿ ಗೋಚರಿಸುತ್ತದೆ: ಚರಿತ್ರೆಯ ವಿವರಗಳಿಂದ ಹೆಚ್ಚು ದೂರ ಸರಿದ ಭಾಗವೇ ಚರಿತ್ರೆಯ ತಿರುಳಿಗೆ ಹೆಚ್ಚು ಸಮೀಪದಲ್ಲಿದೆ.

ಆಟದ ಆರಂಭ ದಾಖಲೆಗೆ ನಿಷ್ಠವಾಗಿದೆ. 1274ರಲ್ಲಿ ಕುಬ್ಲಾಯ್ ಖಾನನ ನೌಕಾಸೈನ್ಯ ತ್ಸುಶಿಮಾದ ಕೊಮೊದಾ ತೀರಕ್ಕೆ ಬಂದಿಳಿಯಿತು. ಸೊ ಸುಕೆಕುನಿ ಎಂಬ ಅಧಿಕಾರಿ ಸುಮಾರು 80 ಕುದುರೆ ಸವಾರರೊಡನೆ ಅದನ್ನು ಎದುರಿಸಿ ಮಡಿದನು. ಆಟದಲ್ಲಿ ಅವನ ಸ್ಥಾನಕ್ಕೆ ಕಲ್ಪಿತ ಪ್ರಭು ಶಿಮುರಾ ಬಂದಿದ್ದಾನೆ. ಅವನ ಸೋದರಳಿಯ ಜಿನ್ ಸಕಾಯ್ ಕಥಾನಾಯಕ. ಪ್ರತಿನಾಯಕ ಖೋತುನ್ ಖಾನನೂ ಕಲ್ಪಿತನೇ. ವಾಸ್ತವದಲ್ಲಿ ಆಕ್ರಮಣಕಾರರು ಅಲ್ಲಿ ಬಹುಕಾಲ ನಿಲ್ಲದೆ ಇಕಿಗೆ, ಅಲ್ಲಿಂದ ಕ್ಯೂಶುವಿನ ಹಕಾತಾ ಕೊಲ್ಲಿಗೆ ಸಾಗಿ, ಬಳಿಕ ಹಿಮ್ಮೆಟ್ಟಿದರು. ಆಟವು ಕೆಲವೇ ದಿನಗಳ ಈ ದಾಳಿಯನ್ನು ದೀರ್ಘ ಪ್ರತಿರೋಧದ ಕಥೆಯಾಗಿ ಹಿಗ್ಗಿಸಿದೆ. ಕಥನಕ್ಕೆ ಇಷ್ಟು ಸ್ವಾತಂತ್ರ್ಯ ಸಲ್ಲುತ್ತದೆ. ನಾಯಕನು ಅಲ್ಲಲ್ಲಿ ಕುಳಿತು ಹೈಕು ಕಟ್ಟುವುದೂ ಕ್ಷಮ್ಯವೇ. ಆ ಶತಮಾನದ ಪ್ರತಿಷ್ಠಿತ ರೂಪ ವಾಕಾ. ಹೈಕುವಿನ ಮೂಲರೂಪ ಬಾಶೊನಂಥವರ ಕೈಯಲ್ಲಿ ಪಕ್ವವಾದದ್ದು 17ನೆಯ ಶತಮಾನದಲ್ಲಿ. ಇದು ಪಂಡಿತರ ಕಣ್ಣಿಗೆ ಬೀಳುವ ದೋಷವೇ ಹೊರತು ಕೃತಿಯನ್ನು ಕೆಡಿಸುವಂಥದಲ್ಲ.

ನಿಜವಾದ ಕಾಲದೋಷ ಕಥೆಯ ಹೃದಯದಲ್ಲಿಯೇ ಇದೆ. ಎದುರುಬದುರು ನಿಂತು ಹೋರಾಡುವುದೇ ಗೌರವ, ಮರೆಯಿಂದ ಕೊಲ್ಲುವುದು ಅಧರ್ಮ ಎಂಬ ಶಿಮುರಾನ ನಿಲುವಿನ ಸುತ್ತ ಇಡೀ ಆಟ ಹೆಣೆದುಕೊಂಡಿದೆ. ಆದರೆ ಆ ಯುದ್ಧದಲ್ಲಿ ಹೋರಾಡಿದ ತಕೆಜಾಕಿ ಸುಯೆನಾಗಾ ಎಂಬ ಯೋಧ 1275ರಲ್ಲಿ ಕಾಮಾಕುರಾಕ್ಕೆ ಹೋಗಿ ತನ್ನ ಸೇವೆಗೆ ಪ್ರತಿಫಲ ಬೇಡಿದನು. ಮುಂದೆ ತನ್ನ ಸಾಹಸಗಳನ್ನು ಚಿತ್ರಸುರುಳಿಗಳಲ್ಲಿ ಬರೆಯಿಸಿದನು. ಆ ಸುರುಳಿಗಳಲ್ಲಿ ಕಾಣುವ ಯೋಧನಿಗೆ ಕೀರ್ತಿ ಬೇಕು, ಭೂಮಿಯೂ ಬೇಕು. ಗೌರವವನ್ನೇ ಪ್ರಾಣವೆಂದು ಬಗೆಯುವ ‘ಬುಶಿದೊ’ವಿನ ಚಿತ್ರ ಬಹುಮಟ್ಟಿಗೆ ಶಾಂತಿಯ ಎದೊ ಕಾಲದಲ್ಲಿ ರೂಪುಗೊಂಡು, 1900ರಲ್ಲಿ ನಿತೊಬೆ ಇನಾಜೊ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದಿಂದ ಲೋಕಪರಿಚಿತವಾಯಿತು. ಮುಖ್ಯ ಕಥೆಯ ಕೊನೆಯಲ್ಲಿ ಸೋಲಿನ ಅಂಚಿನಲ್ಲಿರುವ ಮಾವನನ್ನು ಕೊಲ್ಲಬೇಕೇ ಉಳಿಸಬೇಕೇ ಎಂಬ ನಿರ್ಧಾರ ಆಡುವವರ ಕೈಗೆ ಬರುತ್ತದೆ. ದೃಶ್ಯ ಕರುಳು ಹಿಂಡುತ್ತದೆ, ಅದು ಸತ್ಯ. ಆದರೂ ಅಲ್ಲಿ ಚರ್ಚೆಯಾಗುವುದು ಯೋಧರು ತಮ್ಮ ತಮ್ಮಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕಾದ ಗೌರವ ಮಾತ್ರ. ಆ ಗೌರವಕ್ಕೆ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆ ಅಂಚಿನಲ್ಲಿಯೇ ಉಳಿಯುತ್ತದೆ.

ಇಕಿ ಆ ಪ್ರಶ್ನೆಯನ್ನು ಎತ್ತುತ್ತದೆ. ಜಿನ್‌ನ ತಂದೆ ಕಾಜುಮಾಸಾ ಹಿಂದೊಮ್ಮೆ ಆ ದ್ವೀಪವನ್ನು ದಮನಿಸಲು ಹೋಗಿ ಅಲ್ಲಿಯೇ ಹತನಾದವನು. ಬಾಲಕ ಜಿನ್ ಅದನ್ನು ಅಡಗಿ ನೋಡಿದವನು. ತ್ಸುಶಿಮಾದಲ್ಲಿ ಮಾನ್ಯವಾಗಿದ್ದ ಸಕಾಯ್ ಎಂಬ ಹೆಸರು ಇಲ್ಲಿ ಕಟುಕನ ಹೆಸರು. ‘ಹದ್ದು’ ಎಂಬ ಬಿರುದಿನ ಮಂಗೋಲ್ ನಾಯಕಿ ಕುಡಿಸಿದ ವಿಷದಿಂದ, ಬಚ್ಚಿಟ್ಟ ನೆನಪುಗಳು ಅವನ ಎದುರು ರೂಪ ತಳೆಯುತ್ತವೆ. ಜೊತೆಗಾರ ತೆಂಜೊನೇ ತಂದೆಯನ್ನು ಕೊಂದವನೆಂದು ತಿಳಿದಾಗ ಸೇಡಿನ ಕಥೆಗೆ ಎಲ್ಲವೂ ಸಿದ್ಧವಾಗಿದೆ. ಕಥೆ ಮಾತ್ರ ಆ ದಾರಿ ಹಿಡಿಯುವುದಿಲ್ಲ. ಕೊಂದವನಿಗೂ ಕಾರಣವಿತ್ತು ಎಂದು ಮಗ ಅರಿಯಬೇಕಾಗುತ್ತದೆ. ಅರಮನೆಯ ಕಥೆಗೆ ಅಗಸನ ಮಾತು ಬಂದು ತಾಗುವ ಉತ್ತರಕಾಂಡದಂತೆ, ಈ ಉತ್ತರಭಾಗವೂ ಪೂರ್ವಭಾಗದ ವೀರರಸವನ್ನು ಹೊರಗಿನವರ ಕಣ್ಣಿನಿಂದ ಮತ್ತೆ ಓದಿಸುತ್ತದೆ.

ಇದಕ್ಕೆ ಗಂಭೀರವಾದ ಆಕ್ಷೇಪವೊಂದುಂಟು. 1274ರ ಇಕಿ ಸಾಮುರಾಯ್‌ಗಳಿಲ್ಲದ ಕಡಲುಗಳ್ಳರ ದ್ವೀಪವಾಗಿರಲಿಲ್ಲ. ತಾಯಿರಾ ಕಾಗೆತಾಕಾ ತನ್ನ ಅಲ್ಪ ಸೈನ್ಯದೊಡನೆ ಅಲ್ಲಿ ಹೋರಾಡಿ ಸತ್ತನು. ಆ ದಾಳಿಗಳಲ್ಲಿ ಹತರಾದವರ ನೆನಪಿನ ‘ಸಾವಿರ ಜನರ ದಿಬ್ಬ’ಗಳು ಇಂದಿಗೂ ಅಲ್ಲಿವೆ. ಕಥೆಯ ಅನುಕೂಲಕ್ಕಾಗಿ ಸತ್ತವರನ್ನು ಅಳಿಸಿಹಾಕುವುದು ಸಣ್ಣ ತಪ್ಪಲ್ಲ. ತ್ಸುಶಿಮಾ ನಗರಾಡಳಿತ 2021ರಲ್ಲಿ ಆಟದ ಇಬ್ಬರು ನಿರ್ದೇಶಕರನ್ನು ಪ್ರವಾಸೋದ್ಯಮ ರಾಯಭಾರಿಗಳನ್ನಾಗಿ ನೇಮಿಸಿತೆಂಬುದನ್ನು ನೆನೆದರೆ, ಪರದೆಯ ಮೇಲಿನ ದ್ವೀಪವೇ ಹಲವರ ಪಾಲಿಗೆ ನಿಜವಾದ ದ್ವೀಪವಾಗುವ ಅಪಾಯವೂ ಅರ್ಥವಾಗುತ್ತದೆ. ಇಕಿಯ ಕಥೆಯನ್ನು ಮೆಚ್ಚುವವರು ಈ ಋಣವನ್ನು ಮರೆಯಬಾರದು. ಕಾಗೆತಾಕಾನ ಹೆಸರನ್ನು ಆಟದ ಹೊರಗೆ ಹುಡುಕಿ ಓದುವುದೇ ಅದನ್ನು ತೀರಿಸುವ ದಾರಿ.

ಆದರೂ ತೂಗಿ ನೋಡಿದರೆ ತಕ್ಕಡಿ ಇಕಿಯ ಕಡೆಗೇ ವಾಲುತ್ತದೆ. ತ್ಸುಶಿಮಾದ ಕಥೆ ಘಟನೆಯನ್ನು ಉಳಿಸಿಕೊಂಡು ಮನೋಧರ್ಮವನ್ನು ತಪ್ಪಾಗಿ ಹೇಳಿತು; ಇಕಿಯ ಕಥೆ ಘಟನೆಯನ್ನು ಕೈಬಿಟ್ಟು, ಗೆದ್ದವರ ಕೀರ್ತಿ ಸೋತವರ ಊರಿನಲ್ಲಿ ಬೇರೆಯೇ ಹೆಸರು ಪಡೆಯುತ್ತದೆಂಬ ಹಳೆಯ ಸತ್ಯವನ್ನು ಹಿಡಿಯಿತು. ಮುಖ್ಯ ಕಥೆಯ ನಡುವೆಯೇ ಇಕಿಗೆ ಹೋಗಲು ಆಟದಲ್ಲಿ ಅವಕಾಶವಿದೆ. ಆದರೆ ಎಲ್ಲವೂ ಮುಗಿದ ಮೇಲೆ ಹೋಗುವುದು ಲೇಸು. ಗೌರವದ ಮಾತುಗಳೆಲ್ಲ ಕಿವಿಯಲ್ಲಿ ಇನ್ನೂ ಉಳಿದಿರುವಾಗಲೇ, ಆ ಗೌರವವನ್ನು ಶಪಿಸುವವರ ಹಳ್ಳಿಯಲ್ಲಿ ನಡೆಯಬೇಕು.