ಮಣಿಕಟ್ಟಿನ ನೋವೂ ಕ್ಷಕಿರಣದ ಭಯವೂ

ಸಿಂಗಟಗೆರೆಯ ಸುತ್ತಿನ ತೆಂಗಿನ ತೋಟಗಳಲ್ಲಿ ಕಾಲುಜಾರಿಯೋ, ಕಡೂರಿನ ಹಾದಿಯಲ್ಲಿ ಬೈಕಿನಿಂದ ಉರುಳಿಯೋ ಬಿದ್ದವನು, ಮುಖವನ್ನು ಕಾಪಾಡಿಕೊಳ್ಳಲು ಅಂಗೈಯನ್ನೇ ಮುಂದೊಡ್ಡುವನಾದ್ದರಿಂದ, ದೇಹದ ಭಾರವೆಲ್ಲ ಮಣಿಕಟ್ಟಿನ ಎಂಟು ಕಿರಿಯ ಎಲುಬುಗಳ ಮೇಲೆ ಎರಗುತ್ತದೆ. ಅವುಗಳಲ್ಲಿ ಹೆಬ್ಬೆರಳ ಕಡೆಗಿರುವ, ದೋಣಿಯಾಕಾರದ ಸ್ಕ್ಯಾಫಾಯ್ಡ್ ಎಂಬುದು ಬಿರುಕು ಬಿಟ್ಟಿದ್ದರೂ ಅಂದಿನ ಎಕ್ಸ್‌ರೇಯಲ್ಲಿ ಗೋಚರಿಸದಿರುವುದು ಅಪರೂಪವಲ್ಲ. “ಮುರಿದಿಲ್ಲ, ಬರೀ ಉಳುಕು” ಎಂಬ ಮಾತನ್ನು ನಂಬಿ, ಎಣ್ಣೆ ನೀವಿಸಿಕೊಂಡು ದುಡಿಮೆಗೆ ತೊಡಗಿದವನು, ತಿಂಗಳುಗಳು ಕಳೆದ ಮೇಲೆ ಕುಡುಗೋಲನ್ನು ಬಿಗಿಹಿಡಿಯಲಾರದಂತಾಗಬಹುದು. ಏಕೆಂದರೆ ಈ ಎಲುಬಿಗೆ ರಕ್ತವು ಬಹುಮಟ್ಟಿಗೆ ಬೆರಳುಗಳ ಕಡೆಯಿಂದ ಹಿಮ್ಮುಖವಾಗಿ ಹರಿಯುವುದರಿಂದ, ನಡುವೆ ಮುರಿದಲ್ಲಿ ಮುಂಗೈ ಕಡೆಯ ತುಂಡು ಪೋಷಣೆ ತಪ್ಪಿ ನಿರ್ಜೀವವಾಗುವ ಸಂಭವವುಂಟು.

ಹೆಬ್ಬೆರಳನ್ನು ಚಾಚಿ ಎತ್ತಿದಾಗ ಅದರ ಬುಡದಲ್ಲಿ, ನಶ್ಯವಿಡಲೆಂದೇ ಮಾಡಿದಂತೆ, ಒಂದು ಗುಳಿ ಮೂಡುತ್ತದೆ. ಅಲ್ಲಿ ಒತ್ತಿದರೆ ನೋಯುವುದಾದಲ್ಲಿ, ಚಿತ್ರದಲ್ಲಿ ಏನೂ ಕಾಣದಿದ್ದರೂ ಮುರಿತವುಂಟೆಂದೇ ಭಾವಿಸಿ, ಸಿಮೆಂಟಿನ ಪಟ್ಟಿ ಕಟ್ಟಿ, 10ರಿಂದ 14 ದಿನಗಳ ತರುವಾಯ ಮತ್ತೊಮ್ಮೆ ಚಿತ್ರ ತೆಗೆಯುವುದು ವೈದ್ಯರಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ.

ಎರಡನೆಯ ಚಿತ್ರವೆಂದೊಡನೆ ಜನರು ಹಿಂಜರಿಯುವುದಕ್ಕೆ ಕೂಲಿಯ ನಷ್ಟ, ಬಸ್ಸಿನ ಖರ್ಚುಗಳ ಜೊತೆಗೆ ವಿಕಿರಣದ ಭಯವೂ ಒಂದು ಕಾರಣ. ಈ ಭಯ ಇಲ್ಲಿ ಸಲ್ಲದು. ಮಣ್ಣು, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಸಹಜವಾಗಿಯೇ ತಗಲುತ್ತದೆ. ಮಣಿಕಟ್ಟಿನ ಒಂದು ಎಕ್ಸ್‌ರೇಯಿಂದ ತಗಲುವುದು ಸುಮಾರು 0.001, ಎಂದರೆ ಜಗುಲಿಯ ಮೇಲೆ ಸುಮ್ಮನೆ ಕುಳಿತವನಿಗೆ ಮೂರುನಾಲ್ಕು ಗಂಟೆಗಳಲ್ಲಿ ತಗಲುವಷ್ಟು. ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಆದರೋ ಎಂಟುಹತ್ತು ಮಿಲಿಸೀವರ್ಟ್, ಮೂರುನಾಲ್ಕು ವರ್ಷಗಳ ಪಾಲು. ಇದು ಅವಶ್ಯವೇ ಎಂದು ವೈದ್ಯರನ್ನು ವಿಚಾರಿಸಬೇಕಾದದ್ದು ಅಲ್ಲಿ. ಯಂತ್ರದ ಬಳಿ ದಿನವೂ ದುಡಿಯುವ ತಂತ್ರಜ್ಞರಿಗೆ ಯಾವ ವರ್ಷದಲ್ಲಿಯೂ 30 ಮಿಲಿಸೀವರ್ಟ್ ಮೀರಕೂಡದೆಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಧಿಸಿರುವುದು ಯುಕ್ತವೇ. ಆದರೆ ಆ ಕಟ್ಟಳೆಯನ್ನು ಕೇಳಿ, ಕೈಯ ಒಂದು ಚಿತ್ರಕ್ಕೆ ರೋಗಿಯು ಅಂಜಬೇಕಾಗಿಲ್ಲ.

ವೈದ್ಯರಲ್ಲಿ ನನ್ನದೊಂದು ಬಿನ್ನಹ: ಶಂಕೆಯಿದ್ದಲ್ಲಿ ಅಂಗೈಯನ್ನು ಕಿರುಬೆರಳ ಕಡೆಗೆ ಬಾಗಿಸಿದ ಭಂಗಿಯಲ್ಲಿಯೂ ಚಿತ್ರ ತೆಗೆಸಿರಿ, ಮತ್ತೆ ಬರಬೇಕಾದ ತಾರೀಖನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಡಿರಿ. ಓದುಗರೇ, ಆ ದಿನ ತಪ್ಪದೆ ಹೋಗಿರಿ. ಹೋಗುವಾಗ ಮೊದಲಿನ ಫಿಲ್ಮನ್ನೂ ಕೊಂಡೊಯ್ಯಿರಿ.