ಅಣುವಿಗೆ ಜಾತಿ ಇಲ್ಲ, ಯಂತ್ರಕ್ಕೆ ವಿಳಾಸ ಇದೆ



ಕ್ಯಾನ್ಸರ್ ಚಿಕಿತ್ಸೆ ಬಗ್ಗೆ ಬರೆದಾಗಲೆಲ್ಲ ಒಂದು ಕಾಮೆಂಟ್ ಬಂದೇ ಬರುತ್ತೆ: "ರೇಡಿಯೇಷನ್‌ನಲ್ಲೂ ಜಾತಿ ಹುಡುಕ್ತೀರಲ್ಲ, ನಾಚಿಕೆ ಆಗಲ್ವಾ?" ಇಲ್ಲ ಸ್ವಾಮಿ, ಆಗಲ್ಲ. ಅಣುವಿಗೆ ಜಾತಿ ಇಲ್ಲ, ಒಪ್ತೀನಿ. ಅದಕ್ಕಿರೋದು ಒಂದು ಗಡಿಯಾರ ಅಷ್ಟೇ. ಆ ಗಡಿಯಾರವನ್ನ ಯಾರ ಊರಿನ ಹತ್ತಿರ ಇಡಬೇಕು ಅಂತ ತೀರ್ಮಾನ ಮಾಡೋರಿಗೆ ಜಾತಿಯೂ ಇದೆ, ವರ್ಗವೂ ಇದೆ.

ಪೆಟ್ ಸ್ಕ್ಯಾನ್ ತಗೊಳ್ಳಿ. ಸೈಕ್ಲೋಟ್ರಾನ್ ಯಂತ್ರದಲ್ಲಿ ಫ್ಲೋರಿನ್-18 ತಯಾರಿಸಿ, ಅದನ್ನು ಸಕ್ಕರೆಯಂಥ ವಸ್ತುವಿಗೆ ಕಟ್ಟಿ ರೋಗಿಯ ರಕ್ತಕ್ಕೆ ಬಿಡ್ತಾರೆ. ಕ್ಯಾನ್ಸರ್ ಕೋಶಕ್ಕೆ ಸಕ್ಕರೆಯ ಹಸಿವು ಜಾಸ್ತಿ, ಗಬಗಬ ನುಂಗುತ್ತೆ. ಅಲ್ಲಿಂದ ಹೊರಟ ಪಾಸಿಟ್ರಾನ್ ಒಂದು ಎಲೆಕ್ಟ್ರಾನಿಗೆ ತಗಲಿ ಎರಡೂ ಇಲ್ಲವಾಗುತ್ತವೆ. ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕಿಗೆ ಚಿಮ್ಮುತ್ತವೆ. ಸುತ್ತಲಿನ ಉಂಗುರ ಅವನ್ನು ಹಿಡಿದು ಗಡ್ಡೆ ಎಲ್ಲಿದೆ ಅಂತ ತೋರಿಸುತ್ತೆ. ಅದ್ಭುತ ವಿಜ್ಞಾನ, ಅನುಮಾನವೇ ಇಲ್ಲ. ಆದರೆ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧ ಆಗುತ್ತೆ. ಬೆಂಗಳೂರಲ್ಲಿ ತುಂಬಿಸಿ 10 ಗಂಟೆ ರಸ್ತೆಯಲ್ಲಿ ಕಲಬುರಗಿಗೆ ತಂದರೆ 40ರಲ್ಲಿ ಒಂದು ಪಾಲೂ ಉಳಿಯಲ್ಲ. ಹೈದರಾಬಾದ್ ಹತ್ತಿರ ಇದೆಯಲ್ಲ ಅಂತೀರಾ? ನಮ್ಮ ಸರ್ಕಾರದ ಜವಾಬ್ದಾರಿಯನ್ನ ಪಕ್ಕದ ರಾಜ್ಯಕ್ಕೆ ಗುತ್ತಿಗೆ ಕೊಟ್ಟಿದ್ದೀರಾ?

"ದೂರ, ಏನ್ ಮಾಡೋಕಾಗುತ್ತೆ" ಅನ್ನೋದು ಸುಳ್ಳು. ಭೌತಶಾಸ್ತ್ರ ಅದಕ್ಕೂ ದಾರಿ ಕೊಟ್ಟಿದೆ. ಮೂಳೆ ಸ್ಕ್ಯಾನಿಗೆ ಬಳಸೋ ಟೆಕ್ನೀಶಿಯಂ-99ಎಂ 6 ಗಂಟೆಗೆ ಅರ್ಧ ಆಗುತ್ತೆ. ಅದರ ತಾಯಿ ಮಾಲಿಬ್ಡಿನಂ-99 ಅರ್ಧ ಆಗೋಕೆ 66 ಗಂಟೆ ಬೇಕು. ತಾಯಿಯನ್ನೇ ಸೀಸದ ಕವಚದಲ್ಲಿ ಕಳಿಸಿದರೆ ದೂರದ ಆಸ್ಪತ್ರೆಯಲ್ಲೂ ಸುಮಾರು ಒಂದು ವಾರ ದಿನಾ ಮಗಳನ್ನ ಪಡೀಬಹುದು. ವಿಜ್ಞಾನಿಗಳು ಇದಕ್ಕೆ "ಹಸುವಿನ ಹಾಲು ಹಿಂಡೋದು" ಅಂತಾರೆ. (ಈ ಹಸುವಿಗೆ ರಕ್ಷಕರ ಪಡೆ ಬೇಡ, ಒಂದು ಗಾಮಾ ಕ್ಯಾಮೆರಾ ಸಾಕು.)

ಚಿಕಿತ್ಸೆಗೆ ಕೋಬಾಲ್ಟ್-60 ಇದೆ, ಅರ್ಧ ಆಗೋಕೆ 5 ವರ್ಷಕ್ಕೂ ಮೇಲೆ ಹಿಡಿಯುತ್ತೆ. ಬಾರ್ಕ್ ರೂಪಿಸಿದ ಕೋಬಾಲ್ಟ್ ಯಂತ್ರ ಭಾಭಾಟ್ರಾನ್ ಅನ್ನು ತಯಾರಿಸೋದು ಬೆಂಗಳೂರಿನ ಕಂಪನಿ. ಅದು ವಿಯೆಟ್ನಾಂಗೂ ಹೋಗಿದೆ. ಹೋಗಲಿ, ಅವರೂ ಬಡವರೇ, ಸಂತೋಷ. ವಿಯೆಟ್ನಾಂಗೆ ದಾರಿ ಗೊತ್ತಿರೋ ಯಂತ್ರಕ್ಕೆ ನಮ್ಮ ಜಿಲ್ಲಾಸ್ಪತ್ರೆಗಳ ದಾರಿ ಯಾಕೆ ಗೊತ್ತಾಗಲ್ಲ?

ಈಗ ಕೂಲಿ ಮಾಡೋ ಅಕ್ಕನ ಲೆಕ್ಕಕ್ಕೆ ಬನ್ನಿ. ಗರ್ಭಕೊರಳಿನ ಕ್ಯಾನ್ಸರ್ ಬಡ ಹೆಂಗಸರನ್ನೇ ಹೆಚ್ಚು ಹಿಡಿಯೋ ಕಾಯಿಲೆ. ಇದಕ್ಕೆ ಸಾಮಾನ್ಯವಾಗಿ 25 ಸಲ ವಿಕಿರಣ, ವಾರಕ್ಕೆ 5 ದಿನ, 5 ವಾರ. ಆಮೇಲೆ ದೇಹದ ಒಳಗೇ ಮೂಲ ಇಟ್ಟು ಕೊಡೋ ಬ್ರಾಕಿಥೆರಪಿ. ಒಟ್ಟು 8 ವಾರದೊಳಗೆ ಮುಗೀಬೇಕು; ಎಳೆದಷ್ಟೂ ವಾಸಿಯಾಗೋ ಸಾಧ್ಯತೆ ಕಮ್ಮಿ. ಯಂತ್ರದ ಕೆಳಗೆ ಮಲಗೋದು ಕೆಲವೇ ನಿಮಿಷ. ಆ ನಿಮಿಷಗಳಿಗಾಗಿ ಎರಡು ತಿಂಗಳ ಕೂಲಿ ಹೋಯ್ತು, ಜೊತೆಗೆ ಬಂದವರ ಕೂಲಿನೂ ಹೋಯ್ತು, ಊರಲ್ಲಿ ಮಕ್ಕಳು ಯಾರದೋ ಮನೇಲಿ. ಸರ್ಕಾರದ ಕಾರ್ಡು ಯಂತ್ರದ ಬಿಲ್ ಕಟ್ಟಬಹುದು. ರೂಮಿನ ಬಾಡಿಗೆ, ಊಟ, ಸಂಘದ ಸಾಲದ ಕಂತು?

ಹದಿನೈದನೇ ದಿನ ಆಕೆ ಊರಿಗೆ ವಾಪಸ್ ಹೋದ್ರೆ ಅಂಥವರನ್ನ ಆಸ್ಪತ್ರೆ ಭಾಷೆಯಲ್ಲಿ ಏನಂತಾರೆ ಗೊತ್ತಾ? "ಡಿಫಾಲ್ಟರ್." ಬ್ಯಾಂಕಿಗೆ ಟೋಪಿ ಹಾಕಿದೋರಿಗೆ ಇಡೋ ಹೆಸರು! ಬಾಕಿ ಉಳಿಸಿಕೊಂಡಿರೋದು ಆಕೆಯಾ, ನೀವಾ?

ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಇದೆ ಅಂತ ಹುಡುಕಿ, ನೆಲ ಕೊರೆಯೋಕೆ ಇಲಾಖೆಗೆ ದಾರಿ ಸಿಕ್ಕಿತ್ತು. ಆಗ ದೂರ ಅನ್ನಿಸಲಿಲ್ಲ.

ಕಲಬುರಗಿಯಲ್ಲಿ ಕಿದ್ವಾಯಿ ಶಾಖೆ ಇದೆ, ಒಳ್ಳೇದು. ಅಷ್ಟಕ್ಕೇ ಕೈ ತೊಳ್ಕೋಬೇಡಿ. ಕಲ್ಯಾಣ ಕರ್ನಾಟಕಕ್ಕೆ ಸರ್ಕಾರಿ ಸೈಕ್ಲೋಟ್ರಾನ್ ಕೊಡಿ, ಪ್ರತಿ ಜಿಲ್ಲೆಗೂ ವಿಕಿರಣ ಯಂತ್ರ, ಅದನ್ನ ನಡೆಸೋ ಮೆಡಿಕಲ್ ಫಿಸಿಸಿಸ್ಟ್ ಕೊಡಿ. ಚಿಕಿತ್ಸೆಯ ದಿನಗಳಿಗೆ ಕೂಲಿ ಭತ್ಯೆ ಕೊಡಿ. ಇದಕ್ಕೆ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣಕ್ಕೆ ಕೈ ಹಾಕಬೇಡಿ, ಅದು ನಮ್ಮ ಪ್ರತ್ಯೇಕ ಪಾಲು. ಆರೋಗ್ಯ ಇಲಾಖೆಯ ಸಾಮಾನ್ಯ ಬಜೆಟ್‌ನಿಂದಲೇ ತೆಗೀರಿ.